ತಲೆಕೆಳಗಾದ ಆರು

ಮೊದಲ ಒದೆತ ಕ್ಯಾಮೆರಾಕ್ಕೆ ಬಿತ್ತು. ಎರಡನೆಯದು ಕ್ಲಿಕ್ಕಮ್ಮನ ಪಕ್ಕೆಗೆ.

ಅವಳು ಡಾಂಬರಿನ ಮೇಲೆ ಬೋರಲಾಗಿ ಬಿದ್ದಳು. ಬಾಯೊಳಗೆ ಮಣ್ಣು, ಪೆಟ್ರೋಲು, ಸುಟ್ಟ ರಬ್ಬರಿನ ಕಹಿ ಎಲ್ಲ ಒಟ್ಟಿಗೆ ಸೇರಿತು. ಕಣ್ಣೆದುರು ರೇಸಿನ ಬೂಟು ಮತ್ತೆ ಮೇಲೆದ್ದು ಬಿತ್ತು. ಲೆನ್ಸಿನ ಗಾಜು ಮೊಟ್ಟೆಯ ಚಿಪ್ಪಿನ ಹಾಗೆ ಪುಡಿಯಾಯಿತು.

"ನಮ್ಮಣ್ಣ ಸಾಯ್ತಾ ಇದ್ರೂ ಬಟನ್ ಮೇಲಿಂದ ಬೆರಳು ತೆಗೀಲಿಲ್ಲ ಅಲ್ವಾ ನೀನು? ತೆಗಿ! ಈಗ ತೆಗಿ ಫೋಟೋ!"

ಒದೆಯುತ್ತಿದ್ದವನು ಮರಿ. ಸತ್ತ ಬೈಕ್ ಸವಾರ ಗಿಡುಗನ ಒಬ್ಬನೇ ತಮ್ಮ. ಬೆಳಿಗ್ಗೆ ಇದೇ ಹುಡುಗ ಬೈಕಿನ ಮೇಲೆ ಕೂತು, "ಅಕ್ಕಾ, ಅಣ್ಣನಿಗಿಂತ ನಾನೇ ಚೆನ್ನಾಗಿ ಕಾಣೋ ಹಾಗೆ ತೆಗೀಬೇಕು" ಎಂದು ಹಲ್ಲು ಕಿರಿದಿದ್ದ.

ಊಟದ ನಂತರದ ಸುತ್ತಿನಲ್ಲಿ, ಟ್ರ್ಯಾಕಿನ ಅತಿ ವೇಗದ ತಿರುವಿನಲ್ಲಿ, ಗಿಡುಗ ಅವಳ ಕಣ್ಣೆದುರೇ ಬೈಕಿನಿಂದ ಹಾರಿ ಟೈರುಗಳ ಗೋಡೆಗೆ ಅಪ್ಪಳಿಸಿ ಸತ್ತಿದ್ದ.

ಇನ್ನೊಂದು ಒದೆತ ಬೀಳುವ ಮೊದಲೇ, ಸಾವಿನ ತನಿಖೆಗೆ ಬಂದಿದ್ದ ಇನ್‌ಸ್ಪೆಕ್ಟರ್ ಓಡಿಬಂದು ಮರಿಯ ತೋಳನ್ನು ಬೆನ್ನಿಗೆ ತಿರುಚಿದರು. ಹುಡುಗ ಕೊಸರಾಡಿದ, ಉಗಿದ, ಕೊನೆಗೆ ಮಂಡಿಯೂರಿ ಗೊಳೋ ಎಂದು ಅತ್ತ.

"ಕರ್ಕೊಂಡು ಹೋಗಿ ನೀರು ಕುಡಿಸ್ರಪ್ಪ ಇವನಿಗೆ," ಎಂದು ಸುತ್ತ ನೆರೆದ ಬೈಕಿನವರಿಗೆ ಹೇಳಿ ಇನ್‌ಸ್ಪೆಕ್ಟರ್ ಅವಳ ಕಡೆ ಬಗ್ಗಿದರು. "ಫೋಟೋ ಎಲ್ಲಾ ಹೋಯ್ತಾ ಮೇಡಂ?"

ಕ್ಲಿಕ್ಕಮ್ಮ ಎದ್ದು ಕೂತು, ಪಕ್ಕೆ ಹಿಡಿದುಕೊಂಡು, ಎಡಗಾಲಿನ ಶೂ ಬಿಚ್ಚಿದಳು. ಸಾಕ್ಸಿನೊಳಗಿಂದ ಹೆಬ್ಬೆಟ್ಟಿನ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡು ಹೊರಬಂತು.

"ಕ್ಯಾಮೆರಾ ಹೋಯ್ತು ಸಾರ್. ಫೋಟೋ ಇಲ್ಲಿವೆ. ಪ್ರತಿ ಸುತ್ತು ಮುಗಿದ ಮೇಲೂ ಕಾರ್ಡು ತೆಗೆದಿಟ್ಕೊಳ್ಳೋದು ನನ್ನ ಅಭ್ಯಾಸ."

"ಸಾಕ್ಸಿನಲ್ಲಾ?"

"ಯಾರೂ ಕೈ ಹಾಕಲ್ಲ ಅಂತ."

ಅಂದು ಸ್ಪರ್ಧೆಯೇನೂ ಇರಲಿಲ್ಲ. ಯಾರು ಬೇಕಾದರೂ ತಮ್ಮ ಬೈಕು ತಂದು ಟ್ರ್ಯಾಕಿನ ಮೇಲೆ ಮನಸ್ಸು ತಣಿಯುವಷ್ಟು ಓಡಿಸಬಹುದಾದ ದಿನ ಅದು. ಅಂಥ ದಿನಗಳಲ್ಲೆಲ್ಲ ಬಂದು, ಓಡುವ ಬೈಕುಗಳನ್ನೂ ಓಡಿಸುವವರನ್ನೂ ಸೆರೆಹಿಡಿಯುವುದು ಅವಳ ಕಸುಬು. ಎಲ್ಲರೂ ಅವಳನ್ನು ಕ್ಲಿಕ್ಕಮ್ಮ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಕೇಳುವಷ್ಟು ಹೊತ್ತು ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ.

ಟ್ರ್ಯಾಕಿನ ಗೋಪುರದ ಕೆಳಗಿನ ಕೋಣೆ ಅವಳದು. ಒಂದು ಮೇಜು, ದೊಡ್ಡ ಪರದೆಯ ಕಂಪ್ಯೂಟರು, ಗೋಡೆಗೆ ಒರಗಿಸಿಟ್ಟ ಮಡಚುವ ಕುರ್ಚಿಗಳು. ಮೂಲೆಯಲ್ಲಿ ಅವಳ ಇನ್ನೊಂದು ಕ್ಯಾಮೆರಾ, ಅದಕ್ಕೆ ತೋಳಿನಷ್ಟು ಉದ್ದದ ಲೆನ್ಸು.

ಇನ್‌ಸ್ಪೆಕ್ಟರ್ ಕುರ್ಚಿಯ ಅಂಚಿನಲ್ಲಿ ಕೂತರು. "ನಾನು ಸೈಕಲ್ಲಿಂದ ಬಿದ್ದ ದಿನವೇ ಎರಡು ಚಕ್ರದ ಸಹವಾಸ ಬಿಟ್ಟವನು. ನನಗೆ ಎಲ್ಲಾ ಬಿಡಿಸಿ ಹೇಳ್ಬೇಕು ನೀವು."

ಅವಳು ಸಾವಿನ ಚಿತ್ರಗಳನ್ನು ಒಂದೊಂದಾಗಿ ತೆರೆದಳು.

ಮೊದಲನೆಯದರಲ್ಲಿ ಒಂಬತ್ತನೇ ನಂಬರಿನ ಕಪ್ಪು ಬೈಕು ನೆಲಕ್ಕೆ ತಾಗುವಷ್ಟು ವಾಲಿತ್ತು. ಗಿಡುಗನ ಮಂಡಿ ಡಾಂಬರನ್ನು ಸವರುತ್ತಿತ್ತು. ಅಷ್ಟು ಸುಂದರವಾದ ಚಿತ್ರವನ್ನು ಅವಳು ಈ ವರ್ಷ ತೆಗೆದಿರಲಿಲ್ಲ.

ಮುಂದಿನದರಲ್ಲಿ ಮುಂದಿನ ಚಕ್ರ ನಿಂತುಬಿಟ್ಟಿತ್ತು. ಓಡುವ ಚಕ್ರದ ಕಡ್ಡಿಗಳು ಚಿತ್ರದಲ್ಲಿ ಮಸುಕಾಗಿ ಕಾಣಬೇಕು. ಇಲ್ಲಿ ಒಂದೊಂದನ್ನೂ ಎಣಿಸಬಹುದಾಗಿತ್ತು. ಬೈಕು ಮೂಗಿನ ಮೇಲೆ ನಿಂತಿತ್ತು.

ಆಮೇಲೆ ಗಿಡುಗ ಗಾಳಿಯಲ್ಲಿದ್ದ. ಕೈಕಾಲು ನಾಲ್ಕು ದಿಕ್ಕಿಗೆ. ಆಮೇಲೆ ಟೈರುಗಳ ಗೋಡೆಯಲ್ಲಿ, ಕುತ್ತಿಗೆ ಯಾವ ಕುತ್ತಿಗೆಯೂ ತಿರುಗಬಾರದ ಕಡೆಗೆ ತಿರುಗಿತ್ತು. ಆಮೇಲೆ ಲಾಗ ಹೊಡೆಯುತ್ತ ಬಂದ ಬೈಕು ಅವನ ಎದೆಯ ಮೇಲೆಯೇ ಕೂತಿತ್ತು.

ಅವನ ಒಂದು ಕೈಗವಸು ಬಂದು ಅವಳ ಕಾಲ ಬಳಿ ಬಿದ್ದಿತ್ತು. ಒಳಗೆ ಕೈ ಇಲ್ಲ ಎಂದು ನೋಡಿಕೊಂಡ ಮೇಲೆಯೇ ಅವಳಿಗೆ ಉಸಿರು ಬಂದದ್ದು.

"ಸಾಕು," ಎಂದರು ಇನ್‌ಸ್ಪೆಕ್ಟರ್, ಮುಖ ಒರೆಸಿಕೊಳ್ಳುತ್ತ.

"ಇಲ್ಲ ಸಾರ್, ಇದನ್ನ ನೋಡಿ." ಅವಳು ಮುಂದಿನ ಚಕ್ರವನ್ನು ದೊಡ್ಡದು ಮಾಡಿದಳು. "ಬ್ರೇಕಿನ ಡಿಸ್ಕನ್ನ ಕಚ್ಚಿ ಹಿಡಿಯೋ ದವಡೆ ಇದು. ಕ್ಯಾಲಿಪರ್ ಅಂತಾರೆ. ಎರಡು ಬೋಲ್ಟು ಹಾಕಿ ಬಿಗಿದಿರ್ತಾರೆ. ಇಲ್ಲಿ ಎರಡೂ ಬಿಚ್ಚಿಹೋಗಿದೆ. ದವಡೆ ಕಳಚಿಕೊಂಡು ಚಕ್ರದ ಕಡ್ಡಿಗೆ ಸಿಕ್ಕಿಹಾಕ್ಕೊಂಡಿದೆ. ಅದಕ್ಕೇ ಚಕ್ರ ನಿಂತುಹೋಗಿದ್ದು."

"ಅಷ್ಟು ವೇಗದಲ್ಲಿ ಅದುರಿ ಅದುರಿ ಬೋಲ್ಟು ಸಡಿಲ ಆಗಿರಬಹುದಲ್ಲ?"

"ಸಡಿಲ ಆಗಬಾರದು ಅಂತಲೇ ಬೋಲ್ಟಿನ ತಲೆಗೆ ತೂತು ಕೊರೆದು ಸಣ್ಣ ತಂತಿ ಪೋಣಿಸಿ ಕಟ್ತಾರೆ. ಬೆಳಗಿನ ಫೋಟೋ ನೋಡಿ."

ಬೆಳಗಿನ ಚಿತ್ರದಲ್ಲಿ ಒಂಬತ್ತನೇ ನಂಬರಿನ ಬೈಕು. ದವಡೆಯ ಪಕ್ಕದಲ್ಲಿ ಜಡೆಯಂತೆ ಹೆಣೆದ ತಂತಿ ಬಿಸಿಲಿಗೆ ಮಿಂಚುತ್ತಿತ್ತು.

ಊಟದ ನಂತರ, ಬೀಳುವುದಕ್ಕೂ ಮುಂಚಿನ ಸುತ್ತಿನ ಚಿತ್ರ. ಅದೇ ಒಂಬತ್ತು. ತಂತಿಯಿದ್ದ ಜಾಗ ಬೋಳಾಗಿತ್ತು.

ಇನ್‌ಸ್ಪೆಕ್ಟರ್ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. "ಅಂದ್ರೆ ಇದು ಅಪಘಾತ ಅಲ್ಲ."

"ಅಲ್ಲ."

"ಬೆಳಿಗ್ಗೆ ಅವನಿಗೂ ಆ ಹಲ್ಲು ಡಾಕ್ಟರಿಗೂ ಮಾರಾಮಾರಿ ಆಯ್ತಂತೆ?"

ಆಗಿತ್ತು. ವಾರವೆಲ್ಲ ಜನರ ಹಲ್ಲು ಕೀಳುತ್ತಿದ್ದ ಡಾಕ್ಟರು ರಜೆಯ ದಿನ ಬೈಕು ಓಡಿಸಲು ಬರುತ್ತಿದ್ದ. ತಿರುವಿನಲ್ಲಿ ಗಿಡುಗ ತನ್ನನ್ನು ಒತ್ತರಿಸಿದ ಎಂದು ಹೆಲ್ಮೆಟ್ ಬೀಸಿ ಹೊಡೆದಿದ್ದ. ಗಿಡುಗ ತಿರುಗಿ ಕೊಟ್ಟ ಏಟಿಗೆ ಡಾಕ್ಟರ ಹಲ್ಲೇ ಒಂದು ಉದುರಿತ್ತು. ಈಗ ಆತ ಆಂಬುಲೆನ್ಸಿನ ಕೋಣೆಯಲ್ಲಿ ಬಾಯಿಗೆ ಬಟ್ಟೆ ತುರುಕಿಕೊಂಡು ಕೂತಿದ್ದ.

"ಡಾಕ್ಟರ ಕೈಲಿ ಆಗೋ ಕೆಲಸ ಅಲ್ಲ ಸಾರ್. ತಂತಿ ಕತ್ತರಿಸೋಕೆ ಗ್ಯಾರೇಜಿನ ಒಳಗೆ ಹೋಗಿ, ನೆಲಕ್ಕೆ ಕೂತು, ಚಕ್ರದ ಹತ್ತಿರ ಕೈ ಹಾಕ್ಬೇಕು. ಹೊರಗಿನವರು ಆ ಬೈಕುಗಳ ಹತ್ತಿರ ಸುಳಿದ್ರೆ ಮಾವ ಕಾಲು ಮುರೀತಾರೆ."

"ಯಾವ ಮಾವ?"

"ಗಿಡುಗ, ಮರಿ ಇಬ್ಬರಿಗೂ ಸೋದರಮಾವ. ಅವರ ಮೆಕ್ಯಾನಿಕ್. ಅವರನ್ನ ಟ್ರ್ಯಾಕಿನವರೆಲ್ಲ ಮಾವ ಅಂತಲೇ ಕರೆಯೋದು. ತಾಯಿ ತೀರಿಕೊಂಡ ಮೇಲೆ ಹುಡುಗರನ್ನ ಸಾಕಿದ್ದೂ ಅವರೇ."

"ಗ್ಯಾರೇಜಿಗೆ ಹೋಗಿ ಬರೋರು ಇನ್ಯಾರು?"

"ಮರಿ. ಮತ್ತೆ ಗಿಡುಗನ ಹೆಂಡತಿ. ಅಷ್ಟೇ."

ಇನ್‌ಸ್ಪೆಕ್ಟರ್ ತುಟಿ ಕಚ್ಚಿದರು. "ಆ ಹೆಂಗಸು ಒಂದು ಹನಿ ಕಣ್ಣೀರು ಹಾಕಿಲ್ಲ. ಗಂಡ ಬಿದ್ದ ಜಾಗ ನೋಡ್ಬೇಕು ಅಂದ್ಳು. ಪೇದೆ ಜೊತೆ ತಿರುವಿಗೆ ಕಳಿಸಿದ್ದೀನಿ. ಅಲ್ಲಿ ಅಳತೆ ಹಿಡೀತಿದ್ದಾರೆ. ಮರಿ ಯಾಕೆ ಮಧ್ಯಾಹ್ನ ಬೈಕು ಹತ್ತಲಿಲ್ಲ?"

"ತಲೆನೋವು ಅಂದನಂತೆ."

"ಹೂಂ." ಅವರು ಪರದೆಯ ಮೇಲೆ ಬೆರಳಿಟ್ಟರು. "ಇದೇನು? ಬೈಕಿನ ಹೊಟ್ಟೆಯಲ್ಲಿ ಗೀರು?"

ವಾಲಿದ ಬೈಕಿನ ಅಡಿಭಾಗದಲ್ಲಿ ಬೆಕ್ಕು ಪರಚಿದಂತೆ ಬಿಳಿಯ ಗೆರೆಗಳಿದ್ದವು. ನೇರ ನಿಂತಾಗ ಅವು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

"ಟ್ರ್ಯಾಕಿನ ಅಂಚಿಗೆ ಉಜ್ಜಿದ್ರೆ ಹಾಗಾಗುತ್ತೆ. ಅದಕ್ಕಿಂತ ಇದನ್ನ ನೋಡಿ, ಊಟ ಆದ ಮೇಲೆ ಮೊದಲನೇ ಸುತ್ತು. ನೇರ ದಾರಿ ನೋಡ್ಬೇಕಾದವನು ತಲೆ ಬಗ್ಗಿಸಿ ಹ್ಯಾಂಡಲ್ ನೋಡ್ತಿದ್ದಾನೆ. ಗಿಡುಗ ಯಾವತ್ತೂ ಹಾಗೆ ಮಾಡಿದವನಲ್ಲ. ಏನೋ ಅವನಿಗೆ ಸರಿ ಬಂದಿಲ್ಲ."

"ಆದ್ರೂ ವಾಪಸ್ ಬರಲಿಲ್ಲ."

"ಅವನು ಬರೋ ಜಾತಿಯವನಲ್ಲ ಸಾರ್. ತಿರುವು ಕಂಡ್ರೆ ಎಲ್ಲಾ ಮರೀತಿದ್ದ."

ಇನ್‌ಸ್ಪೆಕ್ಟರ್ ಎದ್ದರು. "ಆ ಎರಡು ಫೋಟೋ ಪ್ರಿಂಟ್ ಹಾಕಿ ಕೊಡಿ. ಮಾವನನ್ನ ಮಾತಾಡಿಸ್ಬೇಕು."

"ನಾನೂ ಬರ್ತೀನಿ. ಫೋಟೋ ನನ್ನದು. ಮಾವ ಇದು ಸುಳ್ಳು ಅಂತ ವಾದ ಹೂಡಿದ್ರೆ ನೀವು ಏನು ಉತ್ತರ ಕೊಡ್ತೀರಿ?"

ಅವಳು ಉದ್ದ ಲೆನ್ಸಿನ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡಳು. ಉಳಿದದ್ದು ಅದೊಂದೇ ಕ್ಯಾಮೆರಾ. ಅದನ್ನು ಕೋಣೆಯಲ್ಲಿ ಬಿಟ್ಟುಹೋಗುವ ಧೈರ್ಯ ಈಗ ಅವಳಿಗಿರಲಿಲ್ಲ.

ಗ್ಯಾರೇಜಿನ ಶಟರು ಅರ್ಧ ಎಳೆದಿತ್ತು. ಒಳಗೆ ಎಣ್ಣೆಯ ವಾಸನೆ. ಗೋಡೆಯ ಮೇಲೆ ಸ್ಪ್ಯಾನರುಗಳು ಅಳತೆಯ ಪ್ರಕಾರ ಸಾಲಾಗಿ ತೂಗುತ್ತಿದ್ದವು. ನಡುವೆ, ಹಿಂದಿನ ಚಕ್ರವನ್ನು ಸ್ಟ್ಯಾಂಡಿಗೇರಿಸಿ, ಆರನೇ ನಂಬರಿನ ಬೈಕು ನಿಂತಿತ್ತು. ಅದೇ ಕಪ್ಪು, ಅದೇ ಮೈಕಟ್ಟು. ಅಣ್ಣತಮ್ಮಂದಿರ ಬೈಕುಗಳಿಗೆ ಇದ್ದ ವ್ಯತ್ಯಾಸ ನಂಬರೊಂದೇ.

ಅದರ ಪಕ್ಕ, ತಲೆಕೆಳಗೆ ಮಾಡಿದ ಡಬ್ಬದ ಮೇಲೆ, ಮಾವ ಕೂತಿದ್ದರು. ಮೊಣಕೈವರೆಗೆ ಎಣ್ಣೆ ಮೆತ್ತಿತ್ತು. ಕಾಲ ಬಳಿ ಒಂದು ತಟ್ಟೆಯಲ್ಲಿ ಎಂಥದೋ ಹಳದಿ ದ್ರವ.

"ಈ ತಂತಿ ಕಟ್ಟಿದ್ದು ಯಾರು?" ಇನ್‌ಸ್ಪೆಕ್ಟರ್ ಬೆಳಗಿನ ಚಿತ್ರ ಮುಂದೆ ಹಿಡಿದರು.

ಮಾವ ನೋಡಿದರು. "ನಾನೇ."

"ಮಧ್ಯಾಹ್ನ ಎಲ್ಲಿ ಹೋಯ್ತು?"

ಎರಡನೆಯ ಚಿತ್ರ ನೋಡುತ್ತಿದ್ದಂತೆ ಮಾವನ ಮುಖದ ರಕ್ತವೆಲ್ಲ ಇಳಿದುಹೋಯಿತು. "ಒಂಬತ್ತರದಾ ಇದು? ಒಂಬತ್ತರದೇನಾ? ಸರಿಯಾಗಿ ನೋಡಿದ್ರಾ?"

"ನಂಬರ್ ಕಾಣ್ತಿದೆಯಲ್ಲ."

ಮಾವ ಡಬ್ಬದಿಂದ ಜಾರಿ ನೆಲಕ್ಕೆ ಕೂತರು. ತೆವಳುತ್ತ ಆರನೇ ನಂಬರಿನ ಬೈಕಿನ ಮುಂದಿನ ಚಕ್ರದ ಬಳಿ ಹೋಗಿ ದವಡೆಯ ಮೇಲೆ ಬೆರಳಾಡಿಸಿದರು. ಅಲ್ಲಿ ತಂತಿಯಿತ್ತು. ಜಡೆಯಂತೆ ಹೆಣೆದ, ಅವರದೇ ಕೈಯ ತಂತಿ.

"ಇದು ಇಲ್ಲಿ ಇರಬಾರದಿತ್ತು," ಎಂದರು ಮೆಲ್ಲಗೆ.

"ಏನಂದ್ರಿ?"

ಮಾವ ಕೈಗೆ ಸಿಕ್ಕ ದೊಡ್ಡ ಸ್ಪ್ಯಾನರನ್ನು ಕೂತಲ್ಲಿಂದಲೇ ಬೀಸಿದರು.

ಅದು ಇನ್‌ಸ್ಪೆಕ್ಟರ ಮಂಡಿಗೆ ಬಡಿದು, ಅವರು ಮಡಚಿ ಬೀಳುವಷ್ಟರಲ್ಲಿ ಎರಡನೆಯ ಏಟು ಕಿವಿಯ ಮೇಲೆ ಬಿತ್ತು. ಒದ್ದೆ ಕಟ್ಟಿಗೆ ಸೀಳಿದಂಥ ಸದ್ದು. ಅವರ ಕಿವಿಯಿಂದ ಇಳಿದ ರಕ್ತ ಕಾಲರಿನೊಳಗೆ ಹರಿಯಿತು. ಸೊಂಟದ ರೇಡಿಯೋ ಕಳಚಿ ನೆಲದ ಮೇಲೆ ಉರುಳಿತು.

ಕ್ಲಿಕ್ಕಮ್ಮ ಬಾಗಿಲ ಕಡೆ ತಿರುಗಿದಳು. ಒಂದು ಹೆಜ್ಜೆಯೂ ಇಡಲಾಗಲಿಲ್ಲ. ಮಾವ ಹಿಂದಿನಿಂದ ಕ್ಯಾಮೆರಾದ ಪಟ್ಟಿ ಹಿಡಿದು ಜಗ್ಗಿದರು.

ಪಟ್ಟಿ ಕೊರಳಿಗೆ ಬಿಗಿಯಿತು. ಅವಳು ಅಂಗಾತ ಬಿದ್ದಳು. ಎಣ್ಣೆಯ ಕೈಗಳು ಪಟ್ಟಿಯನ್ನು ತಿರುವಿ ತಿರುವಿ ಬಿಗಿಗೊಳಿಸುತ್ತಿದ್ದವು.

"ಯಾಕೆ ತೆಗೆದೆ ಆ ಫೋಟೋನ? ಯಾಕಮ್ಮಾ ತೆಗೆದೆ?" ಮಾವ ಅಳುತ್ತಿದ್ದರು. ಅವರ ಕಣ್ಣೀರು ಅವಳ ಹಣೆಯ ಮೇಲೆ ಬೀಳುತ್ತಿತ್ತು. ಕೈ ಮಾತ್ರ ಸಡಿಲವಾಗಲಿಲ್ಲ. "ನನ್ನ ಕೈಯಾರೆ... ಕಣ್ಣು ಮಂಜಾಗಿತ್ತೇನೋ, ತಪ್ಪು ಬೈಕಿಗೆ..."

ಕಣ್ಣೆದುರು ಕಪ್ಪು ಚುಕ್ಕೆಗಳು ಕುಣಿಯತೊಡಗಿದವು. ಕಾಲು ಒದ್ದುಕೊಂಡಿತು. ತಲೆ ಪಕ್ಕಕ್ಕೆ ವಾಲಿತು. ನೆಲಕ್ಕೆ ಕೆನ್ನೆಯಾನಿಸಿದವಳಿಗೆ ಆರನೇ ನಂಬರಿನ ಬೈಕಿನ ಹೊಟ್ಟೆ ಕಾಣಿಸಿತು.

ನುಣ್ಣಗಿತ್ತು. ಒಂದು ಗೀರೂ ಇರಲಿಲ್ಲ.

ಉಸಿರಿಲ್ಲದ ಆ ಗಳಿಗೆಯಲ್ಲೂ ಅವಳ ಕಣ್ಣಿಗೆ ಬೆಳಗಿನ ಚಿತ್ರವೊಂದು ಕಟ್ಟಿತು. ಮೊದಲ ಸುತ್ತಿನಲ್ಲಿ ಮರಿ ಅತಿಯಾಗಿ ವಾಲಿಸಿ ಟ್ರ್ಯಾಕಿನ ಅಂಚು ಹತ್ತಿದ್ದ. ಹೊಟ್ಟೆ ಉಜ್ಜಿ ಕಿಡಿ ಹಾರಿತ್ತು. ಆ ಕಿಡಿಯನ್ನು ಅವಳೇ ಹಿಡಿದಿದ್ದಳು. ಗೀರು ಬಿದ್ದದ್ದು ಆರರ ಹೊಟ್ಟೆಗೆ. ಸತ್ತಾಗ ಗೀರಿದ್ದದ್ದು ಒಂಬತ್ತರ ಹೊಟ್ಟೆಯಲ್ಲಿ.

ಆರನ್ನು ತಲೆಕೆಳಗೆ ಮಾಡಿದರೆ ಒಂಬತ್ತು.

ಅವಳ ಎರಡೂ ಕೈ ಉದ್ದ ಲೆನ್ಸನ್ನು ಹಿಡಿದುಕೊಂಡವು. ಇದ್ದ ಬಲವನ್ನೆಲ್ಲ ಒಟ್ಟುಮಾಡಿ ತಲೆಯ ಮೇಲಿಂದ ಹಿಂದಕ್ಕೆ ಬೀಸಿದಳು.

ಮಾವನ ಮೂಗು ಒಡೆದ ಸದ್ದು ಅವಳಿಗೆ ಬೆರಳುಗಳಲ್ಲಿ ಕೇಳಿಸಿತು. ಪಟ್ಟಿ ಸಡಿಲವಾಯಿತು. ಅವಳು ಉರುಳಿ, ಮೊಣಕಾಲ ಮೇಲೆದ್ದು, ಇನ್ನೊಮ್ಮೆ ಬೀಸಿದಳು. ಲೆನ್ಸಿನ ಮುಂಗಾಜು ಬಿರುಕು ಬಿಟ್ಟಿತು. ಮಾವ ಗೋಡೆಗೆ ಒರಗಿ ಕುಸಿದರು. ಮೇಲಿದ್ದ ಸ್ಪ್ಯಾನರುಗಳು ಅವರ ತಲೆಯ ಮೇಲೆ ಮಳೆಯಂತೆ ಸುರಿದವು.

"ನೀವು... ತಪ್ಪು ಬೈಕಿಗೆ ಕೈ ಹಾಕಿಲ್ಲ ಮಾವ," ಎಂದಳು. ಗಂಟಲು ಗರಗಸದಂತಾಗಿತ್ತು. "ನೀವು ತಂತಿ ಕತ್ತರಿಸಿದ್ದು ಮರಿಯ ಬೈಕಿನದೇ. ಆಮೇಲೆ ಯಾರೋ ನಂಬರ್ ತಿರುಗಿಸಿ ಅಂಟಿಸಿದ್ದಾರೆ. ಎರಡಕ್ಕೂ."

ಮಾವ ರಕ್ತ ತುಂಬಿದ ಬಾಯಿ ತೆರೆದು ಅವಳನ್ನು ನೋಡಿದರು.

"ಹೌದು ತಾನೇ? ಮರಿಯ ಬೈಕು ತಾನೇ ಕೆಡಿಸಿದ್ದು ನೀವು?"

"ಸಾಯ್ಲಿ ಅಂತಲ್ಲ," ಎಂದರು ಮಾವ. "ಆಣೆಗೂ ಅಲ್ಲ. ಬೀಳ್ಲಿ ಅಂತ. ನಿಧಾನದ ತಿರುವಲ್ಲಿ ಬೀಳ್ತಾನೆ, ಕೈಯೋ ಕಾಲೋ ಮುರಿಯುತ್ತೆ, ಈ ವರ್ಷ ಮನೇಲಿರ್ತಾನೆ ಅಂತ."

"ನೀವೇ ಸಾಕಿದ ಹುಡುಗ."

"ಸಾಕಿದ್ದು ಇಬ್ಬರನ್ನೂ." ಅವರು ಮೂಗಿನ ರಕ್ತವನ್ನು ತೋಳಿಗೆ ಒರೆಸಿಕೊಂಡರು. "ದೊಡ್ಡ ರೇಸಿಂಗ್ ತಂಡದಲ್ಲಿ ಒಂದೇ ಜಾಗ ಇತ್ತು. ಮರಿಗೆ ಅಂತ ಗೊತ್ತಾಯ್ತು. ದೊಡ್ಡವನು ಊಟ ಬಿಟ್ಟ, ನಿದ್ದೆ ಬಿಟ್ಟ. ನನ್ನ ಕಾಲು ಹಿಡಿದು ಅತ್ತ. ಮಾವ, ಇದು ನನ್ನ ಕೊನೇ ವರ್ಷ, ಅವನಿಗೆ ಇನ್ನೂ ಬೇಕಾದಷ್ಟು ವರ್ಷ ಇದೆ, ಒಂದು ಸಲ ಅವನನ್ನ ಬೀಳಿಸು ಅಂದ."

ನೆಲದ ಮೇಲೆ ಬಿದ್ದಿದ್ದ ಇನ್‌ಸ್ಪೆಕ್ಟರ್ ತಲೆಯೆತ್ತಿದರು. "ಯಾರು? ಗಿಡುಗನೇ ಹೇಳಿದ್ನಾ?"

"ಅವನೇ. ಮಧ್ಯಾಹ್ನ ತಲೆನೋವು ಅಂತ ಮರಿ ಮಲಗಿದಾಗ ನನ್ನ ಎದೆ ಹಗುರ ಆಯ್ತು. ಸದ್ಯ, ತಪ್ಪಿಹೋಯ್ತು, ಸಂಜೆ ಮತ್ತೆ ತಂತಿ ಕಟ್ಟಿಬಿಡ್ತೀನಿ ಅಂದ್ಕೊಂಡೆ. ಅಷ್ಟರಲ್ಲಿ..." ಅವರು ಮುಖ ಮುಚ್ಚಿಕೊಂಡರು.

ಶಟರು ಕರಕರ ಎಂದಿತು.

ಅರ್ಧ ಎಳೆದ ಶಟರಿನ ಕೆಳಗಿಂದ ಬಗ್ಗಿ ಮರಿ ಒಳಗೆ ಬಂದ. ಕಣ್ಣು ಕೆಂಪಗೆ ಬಾತಿತ್ತು. ಎಷ್ಟು ಹೊತ್ತಿನಿಂದ ಹೊರಗೆ ನಿಂತಿದ್ದನೋ.

"ಅಣ್ಣ ಹೇಳಿದ್ನಾ, ಮಾವ?" ಎಂದ. ಧ್ವನಿಯಲ್ಲಿ ಏರಿಳಿತವೇ ಇರಲಿಲ್ಲ.

"ಮಗನೇ..."

"ಅಣ್ಣ ಹೇಳ್ದ, ನೀವು ಮಾಡಿದ್ರಿ."

ಮಾವ ಅವನ ಕಾಲಿಗೆ ಕೈ ಚಾಚಿದರು. ಮರಿ ಆ ಕೈಯ ಮೇಲೆ ಬೂಟಿನ ಹಿಮ್ಮಡಿ ಇಟ್ಟು ನಿಧಾನವಾಗಿ ಭಾರ ಹಾಕಿದ. ಬೆರಳುಗಳು ಒಂದೊಂದಾಗಿ ಮುರಿದವು. ಮಾವ ಕೂಗಲಿಲ್ಲ. ತಮಗೆ ಇದು ಬರಬೇಕಾದದ್ದೇ ಎಂಬಂತೆ ಹಲ್ಲು ಕಚ್ಚಿ ಅವನ ಮುಖವನ್ನೇ ನೋಡುತ್ತಿದ್ದರು.

"ಬಿಡೋ!" ಕ್ಲಿಕ್ಕಮ್ಮ ಅವನನ್ನು ತಳ್ಳಿದಳು. ಅವನು ಅಲುಗಲಿಲ್ಲ. "ನಂಬರ್ ತಿರುಗಿಸಿದ್ದು ಯಾರು, ಅದು ಹೇಳು. ನೀನಾ?"

"ನಂಬರ್ ಅಂಟಿಸೋದು ನಮ್ಮಲ್ಲಿ ಒಬ್ಬರೇ ಅಕ್ಕಾ. ಕೂದಲು ಒಣಗಿಸೋ ಯಂತ್ರ ತಂದು, ಬಿಸಿ ಗಾಳಿ ಬಿಟ್ಟು ಸ್ಟಿಕರ್ ಕೀಳೋದು, ಮತ್ತೆ ಗುಳ್ಳೆ ಬರದ ಹಾಗೆ ಅಂಟಿಸೋದು. ಅತ್ತಿಗೆಗೆ ಬಿಟ್ರೆ ಯಾರಿಗೂ ಬರಲ್ಲ." ಅವನು ಮಾವನ ಕೈ ಮೇಲಿಂದ ಕಾಲು ತೆಗೆದ. "ಅತ್ತಿಗೆ ಎಲ್ಲಿ?"

ಯಾರೂ ಮಾತಾಡಬಾರದಿತ್ತು. ಮಾವ ಮಾತಾಡಿದರು. "ತಿರುವಲ್ಲಿ. ಅಣ್ಣ ಬಿದ್ದ ಜಾಗದಲ್ಲಿ. ಪೇದೆ ಇದ್ದಾನೆ ಜೊತೆಗೆ. ಬೇಡ ಮಗನೇ, ಅವಳನ್ನ ಏನೂ..."

ಮರಿ ಬೈಕಿನ ಸ್ಟ್ಯಾಂಡನ್ನು ಕಾಲಿನಿಂದ ಒದ್ದು ಇಳಿಸಿದ. ಹೆಲ್ಮೆಟ್ ಇಲ್ಲದೆ, ಕೈಗವಸು ಇಲ್ಲದೆ ಮೇಲೇರಿದ. ಎಂಜಿನ್ ಗರ್ಜಿಸಿತು. ಆ ಸಣ್ಣ ಕೋಣೆಯಲ್ಲಿ ಸದ್ದು ಎದೆಗೆ ಗುದ್ದಿದಂತಿತ್ತು.

ಇನ್‌ಸ್ಪೆಕ್ಟರ್ ನೆಲದ ಮೇಲಿಂದಲೇ ಅವನ ಕಾಲು ತಬ್ಬಿ ಹಿಡಿದರು. ಬೈಕು ಅವರನ್ನು ಗೋಣಿಚೀಲದ ಹಾಗೆ ಬಾಗಿಲವರೆಗೆ ಎಳೆದುಕೊಂಡು ಹೋಯಿತು. ಶಟರಿನ ಕಂಬಕ್ಕೆ ಅವರ ಭುಜ ಬಡಿಯಿತು. ಕೈ ಕಳಚಿತು. ಮರಿ ಟ್ಯಾಂಕಿನ ಮೇಲೆ ಮಲಗಿ ಶಟರಿನ ಕೆಳಗೆ ನುಸುಳಿ ಹೊರಗೆ ಹಾರಿದ.

"ತಡೀರಿ ಅವನನ್ನ!" ಮಾವ ಚೀರಿದರು. ಮುರಿದ ಕೈಯನ್ನು ಎದೆಗವಚಿಕೊಂಡು ಎದ್ದು ಬಿದ್ದು ಬಾಗಿಲ ಕಡೆ ಓಡಿದರು. "ಅದರಲ್ಲಿ ಬ್ರೇಕಿಲ್ಲ! ಇನ್ಮೇಲೆ ಯಾರೂ ಅದನ್ನ ಹತ್ತಬಾರದು ಅಂತ ಬ್ರೇಕಿನ ಎಣ್ಣೆ ಎಲ್ಲಾ ಇಳಿಸಿಬಿಟ್ಟಿದ್ದೀನಿ! ಹಿಡಿದ್ರೆ ಖಾಲಿ!"

ನೆಲದ ಮೇಲಿನ ತಟ್ಟೆ ಮಗುಚಿ ಹಳದಿ ದ್ರವ ಇನ್‌ಸ್ಪೆಕ್ಟರ ರಕ್ತದೊಡನೆ ಸೇರಿಕೊಳ್ಳುತ್ತಿತ್ತು.

ಕ್ಲಿಕ್ಕಮ್ಮ ರೇಡಿಯೋ ಎತ್ತಿಕೊಂಡು ಹೊರಗೆ ಓಡಿದಳು. ಬೈಕು ಆಗಲೇ ಟ್ರ್ಯಾಕಿಗೆ ಇಳಿದಿತ್ತು. ಆ ತಿರುವು ಮೈದಾನದ ಆಚೆ ಬದಿಗಿತ್ತು. ಅಲ್ಲಿಗೆ ಮುಟ್ಟಲು ಬೈಕು ಅರ್ಧ ಟ್ರ್ಯಾಕು ಸುತ್ತಿಬರಬೇಕು.

"ತಿರುವಲ್ಲಿರೋರು ಎಲ್ಲಾ ಓಡಿ! ಬೈಕು ಬರ್ತಿದೆ, ಬ್ರೇಕಿಲ್ಲ! ಗೋಡೆ ಹಿಂದೆ ಹೋಗಿ!"

"ಯಾರು ಮಾತಾಡ್ತಿರೋದು? ಸಾರ್ ಎಲ್ಲಿ?" ಪೇದೆಯ ಧ್ವನಿ.

"ಓಡ್ರೀ ಮೊದಲು! ಮರಿ ಬರ್ತಿದ್ದಾನೆ!"

ಗರಗರ ಸದ್ದಾಯಿತು. ರೇಡಿಯೋ ಕೈ ಬದಲಾಯಿಸಿರಬೇಕು. ಆಮೇಲೆ ಹೆಂಗಸಿನ ಧ್ವನಿ, ಬಹಳ ಹತ್ತಿರದಿಂದ.

"ಮರೀನಾ? ನನ್ನ ಹತ್ತಿರ ಬರ್ತಿದ್ದಾನಾ? ನಂಬರ್ ವಿಷಯ ನಿಮಗೆಲ್ಲಾ ಗೊತ್ತಾಯ್ತಾ ಅಕ್ಕಾ?"

"ನೀವು ಓಡಿ ತಾಯಿ, ಆಮೇಲೆ ಮಾತಾಡೋಣ."

"ನಾನೇ ತಿರುಗಿಸಿ ಅಂಟಿಸಿದ್ದು. ಆದ್ರೆ ಅವನು ಹೇಳಿದ್ದಕ್ಕೆ. ಊಟದ ಹೊತ್ತಲ್ಲಿ ಮೈದುನನೇ ಬಂದು ಹೇಳ್ದ. ಅತ್ತಿಗೆ, ಅಣ್ಣನಿಗೆ ತಮಾಷೆ ಮಾಡೋಣ, ತನ್ನ ಬೈಕು ಯಾವುದು ಅಂತ ಅವನಿಗೆ ಗೊತ್ತಾಗುತ್ತಾ ನೋಡೋಣ ಅಂದ. ನಗ್ತಾ ನಗ್ತಾ ಅಂಟಿಸಿದೆ ಅಕ್ಕಾ. ಇಬ್ಬರೂ ಸೇರಿ ನಕ್ವಿ..." ಈಗ, ಮೊದಲ ಸಲ, ಆ ಹೆಂಗಸು ಅಳುತ್ತಿದ್ದಳು. "ಅವನಿಗೆ ಗೊತ್ತಿತ್ತಾ? ಬ್ರೇಕ್ ಕೆಡಿಸಿದ್ದು ಅವನಿಗೆ ಗೊತ್ತಿತ್ತಾ?"

ರೇಡಿಯೋದೊಳಗೆ, ಅವಳ ಮಾತಿನ ಹಿಂದೆ, ಎಂಜಿನ್ನಿನ ಸದ್ದು ಕೇಳಿಸತೊಡಗಿತು.

ಕ್ಲಿಕ್ಕಮ್ಮ ಕ್ಯಾಮೆರಾ ಕಣ್ಣಿಗೆ ಏರಿಸಿದಳು. ಬಿರುಕು ಬಿಟ್ಟ ಗಾಜಿನ ಆಚೆ ತಿರುವು ಅರೆಬರೆ ಕಂಡಿತು. ಪೇದೆ ಗೋಡೆ ಹತ್ತಿ ಹಾರುತ್ತಿದ್ದ. ಅಳತೆಯವರು ದಿಕ್ಕಾಪಾಲಾಗಿ ಓಡುತ್ತಿದ್ದರು. ಟೈರುಗಳ ಗೋಡೆಯ ಮುಂದೆ, ಗಂಡ ಬಿದ್ದ ಜಾಗದಲ್ಲಿ, ಗಿಡುಗನ ಹೆಂಡತಿ ರೇಡಿಯೋ ಹಿಡಿದು ನಿಂತೇ ಇದ್ದಳು.

ಲೆನ್ಸನ್ನು ಎಡಕ್ಕೆ ಹೊರಳಿಸಿದಳು. ಕಪ್ಪು ಬೈಕು ಸಿಕ್ಕಿತು. ಮರಿಯ ಕೂದಲು ಗಾಳಿಗೆ ಹಿಂದಕ್ಕೆ ಮಲಗಿತ್ತು. ಬಾಯಿ ತೆರೆದಿತ್ತು. ಅವನು ಏನೋ ಕೂಗುತ್ತಿದ್ದ. ಶಾಪವೋ, ಎಚ್ಚರಿಕೆಯೋ, ಇಷ್ಟು ದೂರದಿಂದ ತಿಳಿಯುವಂತಿರಲಿಲ್ಲ.

ಅವಳು ಅವನ ಬಲಗೈಯನ್ನು ಹುಡುಕಿದಳು. ಕೊಲ್ಲಲು ಹೋಗುವವನ ಕೈ ವೇಗ ಕೊಡುತ್ತಿರಬೇಕು.

ಆದರೆ ಅವನ ಬೆರಳುಗಳು ಬ್ರೇಕನ್ನು ಕೊನೆಯವರೆಗೂ ಎಳೆದು ಹಿಡಿದಿದ್ದವು.